ಓಲೆ ಎವಿನ್‌ರೂಡ್: ಎಂಜಿನ್ನನ್ನು ದೋಣಿಯ ಹೊರಗೆ ತೂಗುಹಾಕಿದವರು

ಚಲನೆಯ ಮೂರನೆಯ ನಿಯಮದ ಪಾಠಯೋಜನೆ ಎಂದರೆ ನಮ್ಮೆಲ್ಲರ ದಾಖಲೆ ಪುಸ್ತಕಗಳಲ್ಲೂ ರಾಕೆಟ್ ಮತ್ತು ಬಂದೂಕು ಇದ್ದೇ ಇರುತ್ತವೆ. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕರಾವಳಿಯ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ. ಅಲ್ಲಿ ನಾಡದೋಣಿಯ ಮನೆಗಳಿಂದ ಬರುವ ಮಕ್ಕಳು ಬಹಳ. ರಾಕೆಟ್ ಅವರು ಚಿತ್ರದಲ್ಲಿ ಕಂಡದ್ದು, ಔಟ್‌ಬೋರ್ಡ್ ಎಂಜಿನ್ ದಿನವೂ ಕಾಣುವಂಥದ್ದು. ಆದ್ದರಿಂದ ಆ ಎಂಜಿನ್ನನ್ನು ಜನಬಳಕೆಗೆ ತಂದ ಓಲೆ ಎವಿನ್‌ರೂಡ್ ಅವರ ಜೀವನವನ್ನು ಪಾಠಕ್ಕೆ ಆರಿಸಿಕೊಂಡೆ. ಓಲೆ ಎಂಬ ಹೆಸರೂ ನಮ್ಮ ಮಕ್ಕಳ ಬಾಯಿಗೆ ಸುಲಭ.

ಎವಿನ್‌ರೂಡ್ ಹುಟ್ಟಿದ್ದು 1877ರಲ್ಲಿ, ನಾರ್ವೆಯಲ್ಲಿ. ಅವರು ಚಿಕ್ಕವರಿದ್ದಾಗಲೇ ಕುಟುಂಬ ಅಮೆರಿಕಕ್ಕೆ ವಲಸೆ ಹೋಗಿ ವಿಸ್ಕಾನ್ಸಿನ್ ರಾಜ್ಯದ ರಿಪ್ಲಿ ಸರೋವರದ ಬಳಿ ಬೇಸಾಯಕ್ಕೆ ನಿಂತಿತು. ಹುಡುಗನ ಗಮನ ಹೊಲಕ್ಕಿಂತ ಹೆಚ್ಚಾಗಿ ನೀರು ಮತ್ತು ಯಂತ್ರಗಳ ಕಡೆಗಿತ್ತು. ಹದಿನಾರರ ಸುಮಾರಿಗೆ ಮ್ಯಾಡಿಸನ್ ನಗರಕ್ಕೆ ಹೋಗಿ ಕೃಷಿಯಂತ್ರಗಳ ಕಾರ್ಖಾನೆ ಸೇರಿದರು. ಹಗಲು ಕೆಲಸ, ರಾತ್ರಿ ಸ್ವಂತ ಓದು. ಆಮೇಲೆ ಪಿಟ್ಸ್‌ಬರ್ಗ್, ಷಿಕಾಗೊ, ಕೊನೆಗೆ ಮಿಲ್ವಾಕಿ. ಎಂಜಿನಿಯರಿಂಗ್ ಪದವಿ ಇಲ್ಲದೆ ಎಂಜಿನ್ ಕಲಿತವರು ಅವರು.

ಅವರ ಬಗ್ಗೆ ಎಲ್ಲರೂ ಹೇಳುವ ಕಥೆ ಐಸ್‌ಕ್ರೀಮಿನದು. ಬೇಸಿಗೆಯ ಒಂದು ದಿನ ಒಕಾಚಿ ಸರೋವರದ ವಿಹಾರಕ್ಕೆ ಹೋಗಿದ್ದಾಗ ಬೆಸ್ ಕ್ಯಾರಿ ಐಸ್‌ಕ್ರೀಮ್ ಬೇಕೆಂದರಂತೆ. ಓಲೆ ಹುಟ್ಟು ಹಾಕಿಕೊಂಡು ದಡಕ್ಕೆ ಹೋಗಿ ತರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಮುಂದೆ ಇದೇ ಬೆಸ್ ಅವರನ್ನು ಮದುವೆಯಾದರು. ಪೀಠಿಕೆಯ ಹಂತಕ್ಕೆ ಈ ಕಥೆ ಚೆನ್ನಾಗಿದೆ, ಮಕ್ಕಳು ನಕ್ಕರು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ವಿಜ್ಞಾನ ಉಳಿಯುವುದಿಲ್ಲ. ದೋಣಿಯೊಳಗೆ ಎಂಜಿನ್ ಕೂರಿಸುವುದು ಆಗಲೇ ರೂಢಿಯಲ್ಲಿತ್ತು. ಹೊರಗೆ ಸಿಕ್ಕಿಸುವ ಎಂಜಿನ್ನನ್ನೂ ಕ್ಯಾಮರಾನ್ ವಾಟರ್‌ಮನ್ ಎಂಬವರು ಎವಿನ್‌ರೂಡ್‌ಗಿಂತ ಮೊದಲೇ ಮಾರುತ್ತಿದ್ದರು. ಹಾಗಾಗಿ ಮೊದಲು ಕಂಡುಹಿಡಿದವರು ಎಂದು ಕಪ್ಪುಹಲಗೆಯ ಮೇಲೆ ಬರೆಯಲು ನಾನು ಒಪ್ಪುವುದಿಲ್ಲ. ಸಾಮಾನ್ಯ ಜನ ನೆಚ್ಚಿಕೊಳ್ಳುವಂತೆ ಅದನ್ನು ರೂಪಿಸಿದ್ದು ಎವಿನ್‌ರೂಡ್. 1909ರಲ್ಲಿ ಮಾರಾಟಕ್ಕೆ ಬಂದ ಅವರ ಮೋಟಾರಿನ ಶಕ್ತಿ 1.5 ಅಶ್ವಶಕ್ತಿ, ತೂಕ 62 ಪೌಂಡು, ಅಂದರೆ ಸುಮಾರು 28 ಕಿಲೋ. ಬೆಲೆಯೂ 62 ಡಾಲರ್! ಮೇಲೆ ಸಿಲಿಂಡರು, ಅಲ್ಲಿಂದ ನೆಟ್ಟಗೆ ಕೆಳಗಿಳಿಯುವ ದಂಡ, ತಳದಲ್ಲಿ ಚಲನೆಯನ್ನು ಅಡ್ಡಕ್ಕೆ ತಿರುಗಿಸುವ ಹಲ್ಲುಚಕ್ರ, ಅದರ ತುದಿಗೆ ಪ್ರೊಪೆಲ್ಲರ್. ಇಂದಿನ ಔಟ್‌ಬೋರ್ಡುಗಳ ಜೋಡಣೆಯೂ ಮೂಲತಃ ಇದೇ.

ಮೂರನೆಯ ನಿಯಮ ಇಲ್ಲಿ ಎರಡು ಸಲ ಬರುತ್ತದೆ. ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಪ್ರೊಪೆಲ್ಲರನ್ನು ಮುಂದಕ್ಕೆ ತಳ್ಳುತ್ತದೆ. ನಮ್ಮ ಪಾಠ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಆದರೆ ಇನ್ನೂ ದೋಣಿ ಚಲಿಸಿಲ್ಲ. ಚಲಿಸಬೇಕೆಂದಿರುವುದು ಮೋಟಾರು ಮಾತ್ರ. ಅದು ದೋಣಿಯ ಹಿಂಬದಿಯ ಹಲಗೆಯನ್ನು ತಳ್ಳಿದಾಗಲೇ ದೋಣಿ ಮುಂದೆ ಹೋಗುವುದು. ಮೋಟಾರಿಗೂ ಹಲಗೆಗೂ ಇರುವ ಸಂಬಂಧವೆಂದರೆ ಕೈಯಲ್ಲಿ ತಿರುಗಿಸಿ ಬಿಗಿಯುವ ಎರಡು ತಿರುಪು. ಬಲ ಬೀಳುವುದು ತಿರುಪಿನ ಮಟ್ಟದಲ್ಲಲ್ಲ, ಅರ್ಧ ಮೀಟರಿನಷ್ಟು ಕೆಳಗೆ. ಪ್ರೊಪೆಲ್ಲರಿನ ತಳ್ಳುವಿಕೆ 200 ನ್ಯೂಟನ್ ಎಂದು ಇಟ್ಟುಕೊಂಡರೆ 100 ನ್ಯೂಟನ್ ಮೀಟರಿನಷ್ಟು ತಿರುಗಿಸುವ ಪರಿಣಾಮ. ಇಡೀ ಮೋಟಾರು ಒಂದು ಸನ್ನೆಕೋಲಾಗಿ ತನ್ನ ತಲೆಯನ್ನು ಹಿಂದಕ್ಕೆ ಎಳೆಯುತ್ತದೆ. ಅದರ ಮೇಲೆ ಎಂಜಿನ್ನಿನ ನಡುಕ ಬೇರೆ.

ಇದನ್ನು ತೋರಿಸಲು ದೊಡ್ಡ ಬೋಧನೋಪಕರಣ ಬೇಕಿಲ್ಲ. ಬಡಗಿಯ ಕ್ಲಾಂಪಿನಿಂದ ಒಂದು ಮರದ ಪಟ್ಟಿಯನ್ನು ಬೆಂಚಿನ ಪಕ್ಕಕ್ಕೆ ನೆಟ್ಟಗೆ ಬಿಗಿದು, ಸ್ಪ್ರಿಂಗ್ ತಕ್ಕಡಿಯಿಂದ ಕ್ಲಾಂಪಿನ ಕೆಳಗೆ 10 ಸೆಂ.ಮೀ. ದೂರದಲ್ಲೊಮ್ಮೆ, 30 ಸೆಂ.ಮೀ. ದೂರದಲ್ಲೊಮ್ಮೆ ಎಳೆದೆವು. ದೂರದಿಂದ ಎಳೆದಾಗ ಕಡಿಮೆ ಬಲಕ್ಕೇ ಪಟ್ಟಿ ಜಾರಿತು. ಆಗ ಒಬ್ಬ ಹುಡುಗ, ತಮ್ಮ ದೋಣಿಯಲ್ಲಿ ತಿರುಪು ಬಿಗಿದ ಮೇಲೂ ಎಂಜಿನ್ನಿಗೆ ಹಗ್ಗ ಕಟ್ಟುವುದು ಇದಕ್ಕೇ ಇರಬೇಕು ಎಂದ. ನನ್ನ ಪಾಠಯೋಜನೆಯ ನಿರೀಕ್ಷಿತ ಉತ್ತರಗಳಲ್ಲಿ ಅದು ಇರಲಿಲ್ಲ, ಅವುಗಳೆಲ್ಲಕ್ಕಿಂತ ಚೆನ್ನಾಗಿತ್ತು.

ಹೌದು, ಇದಕ್ಕೇ. ತಿರುಪನ್ನು ಹಲಗೆಯ ನಡುವೆ ಕೂರಿಸಿ ಎರಡನ್ನೂ ಸಮನಾಗಿ ಬಿಗಿಯಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ಮುಟ್ಟಿ ನೋಡಬೇಕು, ಏಕೆಂದರೆ ಒತ್ತಡಕ್ಕೆ ಮರ ತಗ್ಗುತ್ತದೆ. ಹಲಗೆ ಕೊಳೆತಿದ್ದರೆ ಎಷ್ಟು ಬಿಗಿದೂ ಉಪಯೋಗವಿಲ್ಲ. ಹಗ್ಗವೋ ಸರಪಳಿಯೋ ಮೋಟಾರನ್ನು ದೋಣಿಗೆ ಕಟ್ಟಿರಲೇಬೇಕು. ಹಲಗೆಯ ಎತ್ತರಕ್ಕೆ ಹೊಂದುವ ಉದ್ದದ ಮೋಟಾರೇ ಆಗಬೇಕು. ಪ್ರೊಪೆಲ್ಲರ್ ತೀರಾ ಮೇಲಿದ್ದರೆ ಗಾಳಿ ಎಳೆದುಕೊಂಡು ಸುಮ್ಮನೆ ಸುತ್ತುತ್ತದೆ. ದೋಣಿಗೆ ಮೀರಿದ ಶಕ್ತಿಯ ಮೋಟಾರು ಹಾಕಿದರೆ ಹಿಂಬದಿ ತಗ್ಗಿ ನೀರು ನುಗ್ಗುತ್ತದೆ.

ಎವಿನ್‌ರೂಡ್ ಕಥೆಯಲ್ಲಿ ಬೆಸ್ ಪಾತ್ರ ಸಣ್ಣದಲ್ಲ. ಹುಟ್ಟನ್ನು ಬಿಸಾಕಿ ಎಂದು ಜನರನ್ನು ಕರೆದ ಜಾಹೀರಾತು ಬರೆದವರು ಅವರೇ. ವ್ಯಾಪಾರ ನೋಡಿಕೊಂಡವರೂ ಅವರೇ. (ಬುದ್ಧಿವಂತರು ಇವತ್ತಿಗೂ ಹುಟ್ಟನ್ನು ಬಿಸಾಕುವುದಿಲ್ಲ, ಎಂಜಿನ್ ನಿಂತ ದಿನ ಬೇಕಾಗುತ್ತದೆ.) ದುಡಿತದಿಂದ ಬೆಸ್ ಆರೋಗ್ಯ ಕೆಟ್ಟಿತು. 1914ರ ಹೊತ್ತಿಗೆ ಓಲೆ ತಮ್ಮ ಪಾಲನ್ನು ಪಾಲುದಾರರಿಗೆ ಮಾರಿ, ಐದು ವರ್ಷ ಈ ಉದ್ಯಮಕ್ಕೆ ಕೈಹಾಕುವುದಿಲ್ಲ ಎಂಬ ಕರಾರಿಗೆ ಒಪ್ಪಿ ಹೊರಬಂದರು. ತಮ್ಮ ಹೆಸರು ಹೊತ್ತ ಕಂಪನಿಯನ್ನು ಹೆಂಡತಿಗಾಗಿ ಬಿಟ್ಟರು. ಐಸ್‌ಕ್ರೀಮಿಗಿಂತ ಈ ಘಟನೆ ನನಗೆ ದೊಡ್ಡದಾಗಿ ಕಾಣುತ್ತದೆ.

ಕರಾರು ಮುಗಿಯುವ ಹೊತ್ತಿಗೆ ಅವರ ಬಳಿ ಹೊಸ ವಿನ್ಯಾಸವಿತ್ತು: ಅಲ್ಯೂಮಿನಿಯಮ್ ಬಳಸಿದ, ಎರಡು ಸಿಲಿಂಡರಿನ, 3 ಅಶ್ವಶಕ್ತಿಯ ಮೋಟಾರು. ಶಕ್ತಿ ಇಮ್ಮಡಿ, ತೂಕ ಮಾತ್ರ ಹಳೆಯದಕ್ಕಿಂತ ಕಡಿಮೆ. ಹಳೆಯ ಕಂಪನಿ ಬೇಡವೆಂದಿತು. ಅವರು ಎಲ್ಟೊ ಎಂಬ ಹೆಸರಿನಲ್ಲಿ ತಾವೇ ತಯಾರಿಸಿ ಹಳೆಯ ಕಂಪನಿಗೇ ಪೈಪೋಟಿ ಕೊಟ್ಟರು. 1929ರಲ್ಲಿ ಎರಡೂ ಒಂದಾದವು, ಎವಿನ್‌ರೂಡ್ ಅವರೇ ಅಧ್ಯಕ್ಷರಾದರು.

ಮೋಟಾರು ಹಗುರವಾದಷ್ಟೂ, ಶಕ್ತಿ ಏರಿದಷ್ಟೂ ನಡೆಸುವವರ ಹೊಣೆ ಹೆಚ್ಚಿತು. ಆ ಕಾಲದ ಮೋಟಾರನ್ನು ಮೇಲಿನ ಗಾಲಿಯ ಗುಬ್ಬಿ ಹಿಡಿದು ತಿರುಗಿಸಿ ಹೊರಡಿಸುತ್ತಿದ್ದರು. ಎಂಜಿನ್ ಹೊತ್ತಿಕೊಂಡ ಮೇಲೂ ಗುಬ್ಬಿ ಸುತ್ತುತ್ತಲೇ ಇರುತ್ತಿತ್ತು, ಬೆರಳು ತೆಗೆಯುವುದು ತಡವಾದರೆ ಪೆಟ್ಟು ಖಚಿತ. ಇಂದಿನ ಅಪಾಯ ಬೇರೆ. ನಡೆಸುವವರು ತಿರುವಿನಲ್ಲಿ ನೀರಿಗೆ ಬಿದ್ದರೆ ಖಾಲಿ ದೋಣಿ ಓಡುತ್ತಲೇ ಇದ್ದು, ಸುತ್ತು ಹೊಡೆದು ಬಿದ್ದವರ ಮೇಲೆಯೇ ಬರಬಹುದು. ಅದಕ್ಕಾಗಿ ಒಂದು ದಾರವಿದೆ: ಒಂದು ತುದಿ ಎಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ನಡೆಸುವವರ ಮೈಗೆ. ಬಿದ್ದೊಡನೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ಎವಿನ್‌ರೂಡ್ ಅವರ ಅಮೆರಿಕದಲ್ಲೇ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಇಂಥ ವ್ಯವಸ್ಥೆ ಇದ್ದರೆ ಅದನ್ನು ಬಳಸಲೇಬೇಕೆಂಬ ನಿಯಮ ಜಾರಿಗೆ ಬಂದದ್ದು 2021ರಲ್ಲಿ. ನೀರಿನಲ್ಲಿರುವವರನ್ನು ಮೇಲೆತ್ತುವಾಗ ಎಂಜಿನ್ ನಿಧಾನ ಮಾಡಿದರೆ ಸಾಲದು, ಪೂರ್ತಿ ನಿಲ್ಲಿಸಬೇಕು ಎಂಬುದನ್ನೂ ಮಕ್ಕಳಿಂದ ಹೇಳಿಸಿದೆ. ಅವರಲ್ಲಿ ಕೆಲವರು ಅದನ್ನು ಮನೆಯಲ್ಲಿ ಹೇಳುವುದಾಗಿ ಒಪ್ಪಿದರು.

ಬೆಸ್ 1933ರಲ್ಲಿ ತೀರಿಕೊಂಡರು. ಓಲೆ ಎವಿನ್‌ರೂಡ್ ಮರುವರ್ಷ ಜುಲೈನಲ್ಲಿ ಮಿಲ್ವಾಕಿಯಲ್ಲಿ ಕಣ್ಮುಚ್ಚಿದರು. ಆಗ ಅವರಿಗೆ 57 ವರ್ಷ. ಕಂಪನಿಯನ್ನು ಮಗ ರಾಲ್ಫ್ ಮುಂದುವರಿಸಿದರು.