ಎರಡು ಚಿನ್ನ ತಂದ ಡ್ರಿಲ್ ಮೇಷ್ಟ್ರು

ಅರಸೀಕೆರೆಯಿಂದ ಹಳೇಬೀಡು, ಬೇಲೂರಿನವರೆಗೆ ಯಾವ ಮೈದಾನ ನೋಡಿದರೂ ಕ್ರಿಕೆಟ್ಟಿನದೇ ದರ್ಬಾರು. ಫುಟ್‌ಬಾಲ್ ಅಂದರೆ ಕಲ್ಕತ್ತಾದವರ ಆಟ, ಕೇರಳದವರ ಆಟ ಅಂತ ನಮ್ಮವರ ಲೆಕ್ಕ. ಆದರೆ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಫುಟ್‌ಬಾಲ್ ಚಿನ್ನ ಬಂದದ್ದು ಎರಡೇ ಸಲ, 1951 ಮತ್ತು 1962ರಲ್ಲಿ. ಎರಡು ಸಲವೂ ತಂಡ ತಯಾರು ಮಾಡಿದವರು ಹೈದರಾಬಾದಿನ ಒಬ್ಬ ಸ್ಕೂಲ್ ಮೇಷ್ಟ್ರು. ಹೆಸರು ಸೈಯದ್ ಅಬ್ದುಲ್ ರಹೀಂ.

ರಹೀಂ ಸಾಹೇಬರು ಹುಟ್ಟಿದ್ದು 1909ರಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬಿ.ಎ. ಓದಿ, ಊರಿನ ಶಾಲೆಗಳಲ್ಲಿ ಪಾಠ ಹೇಳಿ, ಆಮೇಲೆ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಡ್ರಿಲ್ ಮೇಷ್ಟ್ರಾದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಸಾಯೋತನಕ ಅದೇ ಜಾಗದಲ್ಲಿದ್ದರು. 1950ರಲ್ಲಿ ಸಿಟಿ ಪೊಲೀಸ್ ತಂಡದ ಕೋಚ್ ಕೆಲಸವೂ ಹೆಗಲಿಗೆ ಬಿತ್ತು. ಬೊಂಬಾಯಿಯ ರೋವರ್ಸ್ ಕಪ್ಪು 1950ರಿಂದ 1954ರವರೆಗೆ, ಸತತ ಐದು ವರ್ಷ, ಬೇರೆ ಯಾರ ಕೈಗೂ ಹೋಗಲಿಲ್ಲ!

ಅವರ ಪಾಠದ ರೀತಿಯೇ ಬೇರೆ. ಎಡಗಾಲು ಸೋಮಾರಿಯಾದ ಹುಡುಗರಿಗೆ ಎಡಗಾಲಲ್ಲೇ ಪಂದ್ಯ ಆಡಿಸ್ತಿದ್ರು. ಚೆಂಡನ್ನು ಒಂದೇ ಸಲ ಮುಟ್ಟಿ ದಾಟಿಸಬೇಕು ಅನ್ನೋ ನಿಯಮದ ಪಂದ್ಯಗಳನ್ನೂ ನಡೆಸಿದರು. ಚೆಂಡು ಓಡಲಿ, ಆಟಗಾರ ತಲೆ ಓಡಿಸಲಿ ಅನ್ನೋದು ಅದರ ಮರ್ಮ.

1951ರಲ್ಲಿ ದೆಹಲಿಯಲ್ಲಿ ಇರಾನನ್ನು 1-0 ಸೋಲಿಸಿ ಮೊದಲ ಚಿನ್ನ. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಏಟು ಬಿತ್ತು. ನಮ್ಮವರು ಬಹುಮಂದಿ ಬರಿಗಾಲು, ಎದುರಿಗೆ ಯುಗೋಸ್ಲಾವಿಯ. 10-1 ಸೋಲು. ಆ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯಿತು.

ರಹೀಂ ಸೋಲನ್ನೂ ಪಾಠ ಮಾಡಿಕೊಂಡರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4-2 ಮಣಿಸಿ ಸೆಮಿಫೈನಲ್ ಸೇರಿತು. ಅದುವರೆಗೆ ಏಷ್ಯದ ಯಾವ ತಂಡವೂ ಅಷ್ಟು ದೂರ ಹೋಗಿರಲಿಲ್ಲ. ಕೊನೆಗೆ ನಾಲ್ಕನೇ ಸ್ಥಾನ. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು.

ಕೊನೆಯ ಪರೀಕ್ಷೆ 1962ರ ಜಕಾರ್ತ. ಇಸ್ರೇಲ್, ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಅಧಿಕಾರಿಯೊಬ್ಬರು ಪ್ರಶ್ನಿಸಿದ್ದರು. ಅದಕ್ಕೆ ಅಲ್ಲಿನ ಜನ ರೊಚ್ಚಿಗೆದ್ದಿದ್ದರು. ಭಾರತದ ರಾಯಭಾರ ಕಚೇರಿಯ ಮೇಲೇ ದಾಳಿ ನಡೆಯಿತು. ಇತ್ತ ಮೇಷ್ಟ್ರ ಶ್ವಾಸಕೋಶಕ್ಕೆ ಕ್ಯಾನ್ಸರ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಕೈಲಿ 2-0 ಸೋಲು. ಡಿಫೆಂಡರ್ ಜರ್ನೇಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಬೇರೆ ಕೋಚ್ ಆಗಿದ್ದರೆ ಕೂರಿಸ್ತಿದ್ರು. ರಹೀಂ ಅವರನ್ನು ಹಿಂದಿನಿಂದ ಎತ್ತಿ ಮುಂಚೂಣಿಗೆ ಹಾಕಿದರು!

ಸೆಪ್ಟೆಂಬರ್ 4, ಫೈನಲ್. ಎದುರಿಗೆ ಅದೇ ಕೊರಿಯ, ಸುತ್ತ ಲಕ್ಷದಷ್ಟು ಜನರ ಬೊಬ್ಬೆ. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಅದೇ ಜರ್ನೇಲ್ ಇನ್ನೊಂದು. 2-1, ಚಿನ್ನ ನಮ್ಮದು. ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು, ಮೇಷ್ಟ್ರು ಕಣ್ಣು ಮುಚ್ಚಿದರು. ವಯಸ್ಸು ಇನ್ನೂ 53.

ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಹುಟ್ಟಿದ್ದೇ 1985ರಲ್ಲಿ. ಇವರ ಕಥೆ ‘ಮೈದಾನ್’ ಅನ್ನೋ ಹಿಂದಿ ಸಿನಿಮಾ ಆಗಿ ಬಂದದ್ದು 2024ರಲ್ಲಿ. ಬೇಲೂರಿನ ಗುಡಿಯಲ್ಲಿ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತಿಟ್ಟು ಹೋದರು. ಆಟಗಾರರನ್ನು ಕಡೆದ ಮೇಷ್ಟ್ರಿಗೆ ಆ ಭಾಗ್ಯ ಎಲ್ಲಿ? ಗೋಲು ಹೊಡೆದವರ ಹೆಸರೇ ಜನರ ಬಾಯಲ್ಲಿ ಉಳಿಯೋದು.

1962ರ ನಂತರ ಆ ಚಿನ್ನ ಮತ್ತೆ ಬಂದಿಲ್ಲ; 1970ರ ಕಂಚೇ ಕೊನೆಯ ಪದಕ. ಡ್ರಿಲ್ ಪೀರಿಯಡ್ಡನ್ನು ಲೆಕ್ಕದ ಪಾಠಕ್ಕೆ ಬಿಟ್ಟುಕೊಡುವ ಶಾಲೆಗಳೂ, ಅದೇ ಸರಿ ಅನ್ನುವ ಹೆತ್ತವರೂ ಒಮ್ಮೆ ಯೋಚಿಸಲಿ. ರಹೀಂ ಸಾಹೇಬರು ಶುರು ಮಾಡಿದ್ದು ಆ ಪೀರಿಯಡ್ಡಿನಿಂದಲೇ.