ಭಾರತದ ಸದಸ್ಯ ಹೆನ್ರಿ ಫಾಸೆಟ್

ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಭಾರತದಿಂದ ಯಾರನ್ನೂ ಆರಿಸಿ ಕಳುಹಿಸುವಂತಿರಲಿಲ್ಲ. ಆದರೂ ಅಲ್ಲಿಯ ಒಬ್ಬ ಆಂಗ್ಲ ಸದಸ್ಯರಿಗೆ ಭಾರತದ ಸದಸ್ಯರೆಂಬ ಹೆಸರೇ ಬಿದ್ದಿತ್ತು. ಅವರು ಭಾರತಕ್ಕೆ ಬಂದವರಲ್ಲ. ನಮ್ಮ ಹೊಲಗದ್ದೆಗಳನ್ನು ಕಂಡವರಲ್ಲ. ಅಷ್ಟೇಕೆ, ತಾವು ಮಾತನಾಡುತ್ತಿದ್ದ ಸಭೆಯನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ, ಅವರು ಕುರುಡರಾಗಿದ್ದರು. ಭಾರತದ ಹಣವನ್ನು ಹೊರದೇಶದ ಯುದ್ಧಗಳಿಗೆ ಸುರಿದಾಗಲೆಲ್ಲ ಎದ್ದು ನಿಂತು ಲೆಕ್ಕ ಕೇಳಿದ ಆ ಮಹನೀಯರೇ ಹೆನ್ರಿ ಫಾಸೆಟ್.

ಫಾಸೆಟ್ಟರು 1833ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಎಂಬ ಊರಿನಲ್ಲಿ ಜನಿಸಿದರು. ತಂದೆ ವಿಲಿಯಂ ಫಾಸೆಟ್ ಬಟ್ಟೆ ವ್ಯಾಪಾರಿ; ಮುಂದೆ ಒಕ್ಕಲುತನವನ್ನೂ ಕೈಗೊಂಡವರು. ಮಗ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಸೇರಿ, 1856ರಲ್ಲಿ ಗಣಿತದ ಕಠಿಣ ಪರೀಕ್ಷೆಯಲ್ಲಿ ಏಳನೆಯ ಸ್ಥಾನ ಪಡೆದು ತೇರ್ಗಡೆಯಾದನು. ವಕೀಲನಾಗಿ, ಅನಂತರ ಪಾರ್ಲಿಮೆಂಟಿನ ಸದಸ್ಯನಾಗಬೇಕೆಂಬುದು ಆ ತರುಣನ ಹಂಬಲವಾಗಿತ್ತು.

1858ರ ಸೆಪ್ಟೆಂಬರ್ 17ರಂದು ತಂದೆಯೂ ಮಗನೂ ಸಾಲ್ಸ್‌ಬರಿಯ ಬಳಿಯ ಹಾರ್ನಮ್ ಗುಡ್ಡದ ಮೇಲೆ ಹಕ್ಕಿಗಳ ಬೇಟೆಗೆ ಹೋಗಿದ್ದರು. ತಂದೆಯ ಕಣ್ಣಿಗೆ ಪೊರೆ ಬರತೊಡಗಿತ್ತು. ಹಕ್ಕಿಗೆ ಗುರಿಯಿಟ್ಟು ಹೊಡೆದಾಗ ಮಗ ಮುಂದೆ ಇರುವುದು ಅವರಿಗೆ ಕಾಣಿಸಲಿಲ್ಲ. ಚೆದುರಿದ ಚರೆಗಳಲ್ಲಿ ಎರಡು ಮಗನ ಎರಡು ಕಣ್ಣುಗಳಿಗೆ ತಾಗಿದವು. ಇಪ್ಪತ್ತೈದರ ಹರೆಯದಲ್ಲಿ ಫಾಸೆಟ್ಟರ ಪಾಲಿಗೆ ಬೆಳಕು ಶಾಶ್ವತವಾಗಿ ಇಲ್ಲವಾಯಿತು. ತನ್ನ ಕೈಯಿಂದಲೇ ಹೀಗಾಯಿತಲ್ಲಾ ಎಂದು ತಂದೆ ಕುಸಿದುಹೋದರು. ಅವರ ದುಃಖವನ್ನು ಹಗುರಗೊಳಿಸುವ ಹೊಣೆಯೂ ಮಗನ ಮೇಲೆಯೇ ಬಿದ್ದಿತು. ಮೊದಲು ಏನೇನು ಮಾಡಬೇಕೆಂದುಕೊಂಡಿದ್ದರೋ ಅದನ್ನೆಲ್ಲ ಮಾಡಿಯೇ ತೀರುವೆನೆಂದು ಅವರು ಗಾಯಗೊಂಡ ಕೆಲವೇ ನಿಮಿಷಗಳಲ್ಲಿ ನಿಶ್ಚಯಿಸಿದರಂತೆ.

ವಕೀಲಿಯ ಆಸೆಯೊಂದನ್ನು ಬಿಟ್ಟರೇ ಹೊರತು ಉಳಿದ ಯಾವುದನ್ನೂ ಅವರು ಬಿಡಲಿಲ್ಲ. ಕುದುರೆ ಸವಾರಿ, ಮೀನು ಹಿಡಿಯುವುದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುವ ಆಟ ಎಲ್ಲವೂ ಮುಂದುವರಿದವು. ಕೇಂಬ್ರಿಜಿಗೆ ಮರಳಿ ಅರ್ಥಶಾಸ್ತ್ರದ ಅಧ್ಯಯನದಲ್ಲಿ ತೊಡಗಿದರು. 1863ರಲ್ಲಿ ಅವರ ಅರ್ಥಶಾಸ್ತ್ರದ ಕೈಪಿಡಿ ಪ್ರಕಟವಾಯಿತು; ಅದೇ ವರ್ಷ ಅವರು ಆ ವಿಷಯದ ಪ್ರಾಧ್ಯಾಪಕರಾದರು. ಚುನಾವಣೆಯಲ್ಲಿ ಸೋತ ಬಳಿಕ 1865ರಲ್ಲಿ ಬ್ರೈಟನ್ ಪಟ್ಟಣದಿಂದ ಆರಿಸಿ ಬಂದು ಕಾಮನ್ಸ್ ಸಭೆಯನ್ನು ಪ್ರವೇಶಿಸಿದರು. 1867ರಲ್ಲಿ ಮಿಲಿಸೆಂಟ್ ಗ್ಯಾರೆಟ್ ಅವರನ್ನು ವಿವಾಹವಾದರು. ಮಹಿಳೆಯರ ಮತದಾನದ ಹಕ್ಕಿಗಾಗಿ ದೀರ್ಘಕಾಲ ಹೋರಾಡಿ ಹೆಸರಾದ ಮಿಲಿಸೆಂಟ್ ಫಾಸೆಟ್ ಇವರೇ. ಸರ್ಕಾರದ ದಪ್ಪ ದಪ್ಪ ವರದಿಗಳನ್ನು ಪತ್ನಿಯೂ ಸಹಾಯಕರೂ ಓದಿ ಹೇಳುತ್ತಿದ್ದರು; ಫಾಸೆಟ್ಟರು ಅಂಕಿಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡು ಕಾಗದವಿಲ್ಲದೆ ಗಂಟೆಗಟ್ಟಲೆ ಸಭೆಯಲ್ಲಿ ಮಾತನಾಡುತ್ತಿದ್ದರು.

ಅವರ ಗಮನವು ಭಾರತದತ್ತ ತಿರುಗಿದ ಬಗೆ ಸ್ವಾರಸ್ಯವಾಗಿದೆ. 1867ರ ಜುಲೈ ತಿಂಗಳಲ್ಲಿ ತುರ್ಕಿಯ ಸುಲ್ತಾನರು ಲಂಡನ್ನಿಗೆ ಬಂದರು. ಅವರ ಗೌರವಾರ್ಥ ಭಾರತ ಸಚಿವರ ಕಚೇರಿಯಲ್ಲಿ ಒಂದು ವೈಭವದ ನೃತ್ಯಕೂಟ ನಡೆಯಿತು. ಅತಿಥಿ ತುರ್ಕಿಯವರು, ಆತಿಥೇಯರು ಇಂಗ್ಲೆಂಡಿನವರು. ಖರ್ಚು ಮಾತ್ರ ಭಾರತದ ಬೊಕ್ಕಸದ ಮೇಲೆ! ಅದು ಒರಿಸ್ಸಾದಲ್ಲಿ ಲಕ್ಷಾಂತರ ಜನ ಬರಗಾಲಕ್ಕೆ ತುತ್ತಾದ ಮರುವರ್ಷ. ಫಾಸೆಟ್ಟರು ಸಭೆಯಲ್ಲಿ ಈ ಖರ್ಚನ್ನು ಪ್ರಶ್ನಿಸಿದರು. ಮೊತ್ತ ದೊಡ್ಡದಲ್ಲದಿದ್ದರೂ ಕೇಳಿದ ಪ್ರಶ್ನೆ ದೊಡ್ಡದಾಗಿತ್ತು.

ಅದೇ ವರ್ಷದ ಕೊನೆಯಲ್ಲಿ ಇದಕ್ಕಿಂತ ಬಹಳ ದೊಡ್ಡ ಲೆಕ್ಕವೊಂದು ಸಭೆಯ ಮುಂದೆ ಬಂದಿತು. ಅಬಿಸೀನಿಯದ, ಅಂದರೆ ಇಂದಿನ ಇಥಿಯೋಪಿಯದ ದೊರೆ ತೆವೊಡ್ರೋಸ್ ಬ್ರಿಟಿಷ್ ಪ್ರತಿನಿಧಿಯನ್ನೂ ಇತರ ಕೆಲವು ಯೂರೋಪಿಯನ್ನರನ್ನೂ ಸೆರೆಯಲ್ಲಿಟ್ಟಿದ್ದನು. ಅವರನ್ನು ಬಿಡಿಸಲು ದಂಡು ಕಳುಹಿಸುವುದೆಂದು ಇಂಗ್ಲೆಂಡ್ ತೀರ್ಮಾನಿಸಿತು. ಆದರೆ ಆ ದಂಡು ಹೊರಟದ್ದು ಮುಂಬಯಿಯಿಂದ. ಸರ್ ರಾಬರ್ಟ್ ನೇಪಿಯರ್ ಅವರ ಕೈಕೆಳಗೆ ಸುಮಾರು 13,000 ಸೈನಿಕರೂ 44 ಆನೆಗಳೂ ಸಮುದ್ರ ದಾಟಿದವು.

ಇಲ್ಲಿ ಒಂದು ಕಾನೂನಿನ ಮಾತನ್ನು ತಿಳಿದುಕೊಳ್ಳಬೇಕು. ಕಂಪನಿಯ ಆಡಳಿತ ಕೊನೆಗೊಂಡಾಗ ಬಂದ 1858ರ ಭಾರತ ಸರ್ಕಾರದ ಕಾಯಿದೆಯ 55ನೆಯ ಕಲಮಿನಲ್ಲಿ ಒಂದು ಕಟ್ಟಳೆ ಇತ್ತು. ಭಾರತದ ಮೇಲೆ ಯಾರಾದರೂ ದಂಡೆತ್ತಿ ಬಂದಾಗ ಅಥವಾ ಹಠಾತ್ತಾದ ತುರ್ತು ಒದಗಿದಾಗ ಹೊರತು, ಗಡಿಯಾಚೆಗಿನ ಸೈನಿಕ ಕಾರ್ಯಾಚರಣೆಗೆ ಭಾರತದ ಕಂದಾಯವನ್ನು ಬಳಸಬೇಕಾದರೆ ಪಾರ್ಲಿಮೆಂಟಿನ ಎರಡೂ ಸಭೆಗಳ ಒಪ್ಪಿಗೆ ಬೇಕು. ಹಣ ಕೊಡುವ ಭಾರತೀಯನಿಗೆ ಮತವಿರಲಿಲ್ಲ. ಅವನಿಗಿದ್ದ ರಕ್ಷಣೆ ಈ ಒಂದು ಕಲಮು. ಪಾರ್ಲಿಮೆಂಟು ಕಣ್ಣು ಮುಚ್ಚಿ ಒಪ್ಪಿಗೆ ನೀಡಿದರೆ ಆ ರಕ್ಷಣೆಯೂ ಕಾಗದದಲ್ಲೇ ಉಳಿಯುತ್ತದೆ.

ಸರ್ಕಾರವು ಒಂದು ಉಪಾಯ ಹೂಡಿತು. ಯುದ್ಧದ ಹೆಚ್ಚುವರಿ ಖರ್ಚನ್ನು ಇಂಗ್ಲೆಂಡ್ ಕೊಡುವುದು. ಸೈನಿಕರ ಮಾಮೂಲು ಸಂಬಳವನ್ನು ಭಾರತವೇ ಕೊಡುವುದು. ಆ ಸೈನಿಕರು ಭಾರತದಲ್ಲೇ ಇದ್ದರೂ ಸಂಬಳ ಕೊಡಲೇಬೇಕಾಗಿತ್ತಲ್ಲ, ಆದ್ದರಿಂದ ನಷ್ಟವೇನೂ ಇಲ್ಲವೆಂಬುದು ಅದರ ವಾದ. ಪಕ್ಕದ ಹೊಲದವರು ನಮ್ಮ ಎತ್ತುಗಳನ್ನು ಒಯ್ದು ತಮ್ಮ ಹೊಲ ಉತ್ತುಕೊಂಡು, ಮೇವನ್ನು ಮಾತ್ರ ನೀವೇ ಹಾಕಿರಿ, ಹೇಗೂ ದಿನವೂ ಹಾಕುತ್ತಿದ್ದಿರಲ್ಲ ಎಂದರೆ ನಾವು ಒಪ್ಪುವೆವೇ? ಆ ಸೈನಿಕರು ಭಾರತದ ರಕ್ಷಣೆಗೆ ಬೇಕಾದವರಾದರೆ ಅವರನ್ನು ಒಯ್ಯುವುದು ತಪ್ಪು. ಬೇಡವಾದವರಾದರೆ ಅಷ್ಟು ದಿನ ಅವರ ಭಾರವನ್ನು ಭಾರತದ ಮೇಲೆ ಹೊರಿಸಿದ್ದೇ ತಪ್ಪು. ಫಾಸೆಟ್ಟರು ಗೊತ್ತುವಳಿಯನ್ನು ವಿರೋಧಿಸಿದರು. ಅವರ ಕಡೆಗೆ ಕೆಲವೇ ಮತಗಳು ಬಿದ್ದವು. ಗೊತ್ತುವಳಿ ಸುಲಭವಾಗಿ ಅಂಗೀಕಾರವಾಯಿತು.

1868ರ ಏಪ್ರಿಲ್ 13ರಂದು ಮಗ್ದಲ ಕೋಟೆ ಬಿದ್ದಿತು. ಸೆರೆಯಾಳುಗಳು ಬಿಡುಗಡೆ ಹೊಂದಿದರು. ಆದರೆ ಮೊದಲಿಗೆ 20 ಲಕ್ಷ ಪೌಂಡು ಮಂಜೂರು ಮಾಡಿಸಿಕೊಂಡು ಹೊರಟ ಯುದ್ಧದ ಖರ್ಚು ಕೊನೆಗೆ 80 ಲಕ್ಷ ಪೌಂಡನ್ನೂ ಮೀರಿತು. ಹೀಗೇಕಾಯಿತೆಂದು ವಿಚಾರಿಸಲು ಕಾಮನ್ಸ್ ಸಭೆಯೇ ಒಂದು ಸಮಿತಿಯನ್ನು ನೇಮಿಸಬೇಕಾಯಿತು.

ಆ ಕಾಲದಲ್ಲಿ ಭಾರತದ ಆಯವ್ಯಯವು ಸಭೆಯ ಮುಂದೆ ಬರುತ್ತಿದ್ದುದು ಅಧಿವೇಶನದ ಕಟ್ಟಕಡೆಯಲ್ಲಿ. ಅಷ್ಟು ಹೊತ್ತಿಗೆ ಬಹುಪಾಲು ಸದಸ್ಯರು ಊರು ಸೇರಿರುತ್ತಿದ್ದರು. ಕೋಟ್ಯಂತರ ಜನರ ತೆರಿಗೆಯ ಲೆಕ್ಕವನ್ನು ಖಾಲಿ ಬೆಂಚುಗಳ ಮುಂದೆ ಓದಿ ಮುಗಿಸುತ್ತಿದ್ದರು. ಫಾಸೆಟ್ಟರು ವರ್ಷ ವರ್ಷವೂ ಆ ಖಾಲಿ ಸಭೆಯಲ್ಲಿ ಕುಳಿತಿದ್ದು ಪ್ರಶ್ನೆ ಕೇಳಿದರು. ಅವರ ಒತ್ತಾಯದಿಂದ 1871ರಲ್ಲಿ ಭಾರತದ ಹಣಕಾಸನ್ನು ವಿಚಾರಿಸುವ ಸಮಿತಿ ನೇಮಕವಾಯಿತು. ಫಾಸೆಟ್ಟರು ಅದರಲ್ಲಿ ಸದಸ್ಯರಾಗಿದ್ದರು. 1873ರಲ್ಲಿ ದಾದಾಭಾಯಿ ನವರೋಜಿಯವರು ಅದೇ ಸಮಿತಿಯ ಮುಂದೆ ಸಾಕ್ಷ್ಯ ನೀಡಿ ಭಾರತದ ಬಡತನವನ್ನು ಅಂಕಿಸಂಖ್ಯೆಗಳ ಮೂಲಕ ತೋರಿಸಿದರು.

1874ರ ಚುನಾವಣೆಯಲ್ಲಿ ಬ್ರೈಟನ್ನಿನ ಮತದಾರರು ಫಾಸೆಟ್ಟರನ್ನು ಸೋಲಿಸಿದರು. ಈ ಸುದ್ದಿ ಕೇಳಿ ಭಾರತದ ಜನ ಸುಮ್ಮನಿರಲಿಲ್ಲ. ಚಂದಾ ಎತ್ತಿ ಅವರ ಚುನಾವಣೆಯ ಖರ್ಚಿಗೆಂದು ಹಣ ಕಳುಹಿಸಿದರು. ಅದೇ ವರ್ಷ ಅವರು ಲಂಡನ್ನಿನ ಹ್ಯಾಕ್ನಿ ಕ್ಷೇತ್ರದಿಂದ ಗೆದ್ದು ಮತ್ತೆ ಸಭೆಗೆ ಬಂದರು. ಮತವಿಲ್ಲದ ಜನರು ದೂರದ ದೇಶದ ಒಬ್ಬ ಸದಸ್ಯನಿಗೆ ಸಲ್ಲಿಸಿದ ಇಂಥ ಗೌರವ ಅಪರೂಪವಾದುದು.

ಇನ್ನು ನಮ್ಮ ಸೀಮೆಗೆ ಸಂಬಂಧಿಸಿದ ಸಂಗತಿಗೆ ಬರೋಣ. 1876ರಿಂದ 1878ರವರೆಗೆ, ಧಾತು-ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣ ಭಾರತವನ್ನು ಭೀಕರ ಬರಗಾಲ ಆವರಿಸಿತು. ಆಗ ಆದವಾನಿ, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಬಳ್ಳಾರಿಯಿಂದ ಸೊಲ್ಲಾಪುರದವರೆಗೆ, ಅತ್ತ ಮೈಸೂರು ಸೀಮೆಯಲ್ಲಿಯೂ ಜನ ಲಕ್ಷಗಟ್ಟಲೆ ಸತ್ತರು. ಮುಂದೆ ಇಂಥ ವಿಪತ್ತು ಬಂದರೆ ಇರಲೆಂದು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಳ ಕ್ಷಾಮ ನಿಧಿಯೊಂದನ್ನು ಸರ್ಕಾರ ಘೋಷಿಸಿತು. ಅದಕ್ಕಾಗಿ ಹೊಸ ತೆರಿಗೆಗಳನ್ನು ಹಾಕಿತು. ಆದರೆ 1878ರ ನವೆಂಬರಿನಲ್ಲಿ ಆಫ್ಘಾನಿಸ್ತಾನದ ಯುದ್ಧ ಆರಂಭವಾಯಿತು. ಬರಗಾಲಕ್ಕೆಂದು ಎತ್ತಿದ ಹಣವು ಪ್ರತ್ಯೇಕವಾಗಿ ಉಳಿಯದೆ ಸಾಮಾನ್ಯ ಖರ್ಚಿನಲ್ಲಿ ಕರಗಿಹೋಯಿತು. ಅದು ಯುದ್ಧದ ಪಾಲಾಯಿತೆಂದು ಟೀಕಾಕಾರರು ಆಕ್ಷೇಪಿಸಿದರು.

ಆ ಡಿಸೆಂಬರಿನಲ್ಲಿ ಯುದ್ಧದ ವೆಚ್ಚವನ್ನು ಭಾರತದ ಮೇಲೆ ಹೊರಿಸುವ ಗೊತ್ತುವಳಿ 55ನೆಯ ಕಲಮಿನಂತೆ ಪಾರ್ಲಿಮೆಂಟಿಗೆ ಬಂದಿತು. ಫಾಸೆಟ್ಟರು ಮತ್ತೆ ಎದ್ದು ನಿಂತರು. ಈ ಯುದ್ಧವು ಸಾಮ್ರಾಜ್ಯದ ಹಿತಕ್ಕಾಗಿ ನಡೆಯುವುದಾದರೆ ಸಾಮ್ರಾಜ್ಯದ ಒಡೆಯರಾದ ಇಂಗ್ಲೆಂಡಿನವರೂ ಹಣ ತೆರಬೇಕೆಂಬುದು ಅವರ ವಾದದ ತಿರುಳು. ತನಗೆ ಖರ್ಚಿಲ್ಲದ ಯುದ್ಧಕ್ಕೆ ಜನ ಸುಲಭವಾಗಿ ಕೈಯೆತ್ತುತ್ತಾರೆಂಬುದನ್ನು ಅವರು ಬಲ್ಲವರಾಗಿದ್ದರು. ಈ ಸಲವೂ ಅವರು ಸೋತರು, ಆದರೆ 1867ರಲ್ಲಿ ಇದ್ದುದಕ್ಕಿಂತ ಎಷ್ಟೋ ಹೆಚ್ಚು ಮಂದಿ ಅವರ ಪಕ್ಕದಲ್ಲಿ ನಿಂತಿದ್ದರು.

1880ರಲ್ಲಿ ಒಂದು ದೊಡ್ಡ ಪ್ರಮಾದ ಬಯಲಾಯಿತು. ಆಫ್ಘನ್ ಯುದ್ಧಕ್ಕೆ ಭಾರತದ ಆಯವ್ಯಯದಲ್ಲಿ ಹೇಳಿದ್ದ ಅಂದಾಜು ಪೂರಾ ತಪ್ಪಾಗಿತ್ತು. ಒಂಟೆ, ದವಸ, ಬಾಡಿಗೆಗಳಿಗೆಂದು ಖಜಾನೆಗಳಿಂದ ಸೈನ್ಯಕ್ಕೆ ಮುಂಗಡವಾಗಿ ಹಣ ಹೋಗುತ್ತಲೇ ಇತ್ತು. ಲೆಕ್ಕಪತ್ರಗಳು ಬಂದು ತನಿಖೆಯಾಗುವವರೆಗೆ ಆ ಮುಂಗಡವನ್ನು ಯುದ್ಧದ ಖರ್ಚೆಂದು ಬರೆಯುತ್ತಿರಲಿಲ್ಲ. ಪುಸ್ತಕದಲ್ಲಿ ಯುದ್ಧ ಅಗ್ಗವಾಗಿ ಕಾಣುತ್ತಿತ್ತು, ಖಜಾನೆಯೋ ಬರಿದಾಗುತ್ತಿತ್ತು. ಕೊನೆಗೆ ಖರ್ಚು ಮೊದಲ ಅಂದಾಜಿನ ಎರಡು ಪಟ್ಟನ್ನೂ ಮೀರಿತು. ಅಷ್ಟರಲ್ಲಿ ಇಂಗ್ಲೆಂಡಿನ ಚುನಾವಣೆಯಲ್ಲಿ ಹಳೆಯ ಸರ್ಕಾರ ಬಿದ್ದು ಗ್ಲಾಡ್‌ಸ್ಟನ್ನರು ಪ್ರಧಾನಿಯಾಗಿದ್ದರು. ಆ ಯುದ್ಧದ ವೆಚ್ಚಕ್ಕೆ ಇಂಗ್ಲೆಂಡಿನ ಬೊಕ್ಕಸದಿಂದ 50 ಲಕ್ಷ ಪೌಂಡು ಕೊಡುವುದೆಂದು ತೀರ್ಮಾನವಾಯಿತು. ಪೂರ್ಣ ನ್ಯಾಯ ಇದಲ್ಲ. ಆದರೂ ಇಂಗ್ಲೆಂಡಿಗೆ ಅದರಲ್ಲಿ ಪಾಲಿದೆಯೆಂಬ ಮಾತಿಗೆ ಕೊನೆಗೂ ಬೆಲೆ ಬಂದಿತು.

ಹೊಸ ಸರ್ಕಾರದಲ್ಲಿ ಫಾಸೆಟ್ಟರು ಅಂಚೆ ಇಲಾಖೆಯ ಮುಖ್ಯಸ್ಥರಾದರು. ಬಡವರು ಪುಡಿಗಾಸನ್ನೂ ಕೂಡಿಡಲು ಅನುವಾಗುವಂತೆ ಉಳಿತಾಯದ ಅಂಚೆಚೀಟಿ ಪದ್ಧತಿಯನ್ನು ತಂದರು. 1881ರಲ್ಲಿ ಪೋಸ್ಟಲ್ ಆರ್ಡರ್, 1883ರಲ್ಲಿ ಪಾರ್ಸೆಲ್ ಅಂಚೆ ಅವರ ಕಾಲದಲ್ಲಿಯೇ ಆರಂಭವಾದವು. ಆದರೆ ಅಧಿಕಾರಕ್ಕೆ ಅದರದೇ ಆದ ಬೆಲೆಯೂ ಇತ್ತು. 1882ರಲ್ಲಿ ಭಾರತದ ಸೈನಿಕರನ್ನು ಈಜಿಪ್ಟಿಗೆ ಕಳುಹಿಸಿ, ಅದರ ಖರ್ಚಿನಲ್ಲಿ ದೊಡ್ಡ ಪಾಲನ್ನು ಮತ್ತೆ ಭಾರತದ ಮೇಲೆ ಹಾಕಿದರು. ಸರ್ಕಾರದೊಳಗೆ ಇರುವವರು ಸರ್ಕಾರದ ಗೊತ್ತುವಳಿಯ ವಿರುದ್ಧ ನಿಲ್ಲುವುದು ಅಲ್ಲಿಯ ಸಂಪ್ರದಾಯಕ್ಕೆ ಹೊರತು. ಹಿಂದಿನ ಹಾಗೆ ಎದ್ದು ನಿಂತು ಲೆಕ್ಕ ಕೇಳುವ ಸ್ವಾತಂತ್ರ್ಯ ಆಗ ಅವರಿಗಿರಲಿಲ್ಲ. ಲೆಕ್ಕ ಕೇಳುವವರು ಖರ್ಚು ಮಾಡುವವರಿಂದ ಬೇರೆಯಾಗಿರಬೇಕೆಂಬುದಕ್ಕೆ ಅವರ ಬಾಳೇ ಒಂದು ನಿದರ್ಶನವಾಗಿದೆ.

1884ರ ನವೆಂಬರ್ 6ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ಫಾಸೆಟ್ಟರು ಶ್ವಾಸಕೋಶದ ಬೇನೆಯಿಂದ ಕೇಂಬ್ರಿಜಿನಲ್ಲಿ ನಿಧನ ಹೊಂದಿದರು. ಅವರು ಎತ್ತಿದ ಪ್ರಶ್ನೆ ಅವರೊಡನೆ ಮುಗಿಯಲಿಲ್ಲ. ಭಾರತದ ಖರ್ಚುವೆಚ್ಚವನ್ನು ಪರಿಶೀಲಿಸಲು 1895ರಲ್ಲಿ ನೇಮಕವಾದ ವೆಲ್ಬಿ ಆಯೋಗದಲ್ಲಿ ದಾದಾಭಾಯಿಯವರೇ ಸದಸ್ಯರಾದರು. 1897ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಅದರ ಮುಂದೆ ಸಾಕ್ಷ್ಯ ನುಡಿದರು. ಸ್ವತಂತ್ರ ಭಾರತದಲ್ಲಿ ಲೋಕಸಭೆಯ ಮಂಜೂರಾತಿ ಇಲ್ಲದೆ ಸರ್ಕಾರ ಹಣ ಖರ್ಚು ಮಾಡುವಂತಿಲ್ಲ. ಖರ್ಚಾದ ಮೇಲೆ ಅದನ್ನು ಪರಿಶೀಲಿಸಲು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. 1967ರಿಂದ ಅದರ ಅಧ್ಯಕ್ಷತೆಯನ್ನು ವಿರೋಧಪಕ್ಷದವರಿಗೆ ಕೊಡುವ ಪದ್ಧತಿ ಬೆಳೆದು ಬಂದಿದೆ.

ವಿದ್ಯಾರ್ಥಿಗಳೇ, ಫಾಸೆಟ್ಟರು ಸಭೆಯಲ್ಲಿ ಗೆದ್ದ ಮತಗಳನ್ನು ಎಣಿಸಿದರೆ ಅವರ ಬಾಳು ಸೋಲಿನ ಕಥೆಯಂತೆ ತೋರಬಹುದು. ಸೋಲುವೆನೆಂದು ಗೊತ್ತಿದ್ದರೂ ಪ್ರಶ್ನೆಯನ್ನು ಕೇಳದೆ ಬಿಡಲಿಲ್ಲವೆಂಬುದೇ ಅವರ ಹಿರಿಮೆ. ನೀವು ಗಣಿತದ ಲೆಕ್ಕ ಮಾಡುವಾಗ ಕೂಡುವುದು, ಕಳೆಯುವುದು ಪರೀಕ್ಷೆಗಾಗಿ ಮಾತ್ರವೆಂದು ಭಾವಿಸಬೇಡಿರಿ. ಊರಿನ ಪಂಚಾಯತಿಯಿರಲಿ, ಸಂಘವಿರಲಿ, ದೇಶದ ಸರ್ಕಾರವಿರಲಿ, ಹತ್ತು ಜನರ ಹಣ ಎಲ್ಲಿ ಹೋಯಿತೆಂದು ವಿನಯದಿಂದ, ಆದರೆ ಬಿಡದೆ ಕೇಳಲು ಮುಂದೊಂದು ದಿನ ಅದೇ ವಿದ್ಯೆ ಬೇಕಾಗುತ್ತದೆ.