ಪುಟ್ಟ ಕಾರಿಗೆ ಉಸಿರು ಕೊಟ್ಟ ಕಾರ್ಲೋ ಅಬಾರ್ಥ್

ತುಮಕೂರಿನಿಂದ ಗುಬ್ಬಿಯ ಕಡೆಗೋ ಕುಣಿಗಲ್ಲಿನ ಕಡೆಗೋ ಸಾಗುವ ರಸ್ತೆಯಲ್ಲಿ ಹಳೆಯ ಪುಟ್ಟ ಕಾರೊಂದು ಗುಡುಗುತ್ತ ಹಾದುಹೋದರೆ, ಅದರ ಸೈಲೆನ್ಸರ್ ಬದಲಾಗಿದೆಯೆಂದು ಯಾರೂ ಹೇಳಿಕೊಡಬೇಕಿಲ್ಲ. ಅಂಥ ಕಾರಿನ ಬೆನ್ನಿಗೆ ಚೇಳಿನ ಚಿತ್ರದ ಸ್ಟಿಕ್ಕರ್ ಇದ್ದರಂತೂ ಅದು ಯಾರ ಗುರುತು ಎಂಬುದು ಹಚ್ಚಿಕೊಂಡವರಿಗೂ ಗೊತ್ತಿರಲೇಬೇಕೆಂದಿಲ್ಲ. ಬಡವರ ಕಾರನ್ನು ಓಟದ ಕುದುರೆಯಾಗಿಸಿದ ಕಾರ್ಲೋ ಅಬಾರ್ಥ್ ಅವರ ಲಾಂಛನವದು.

ಅವರು ಹುಟ್ಟಿದ್ದು 1908ರ ನವೆಂಬರ್ 15ರಂದು, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಪಾಶ್ಚಾತ್ಯ ಜ್ಯೋತಿಷ್ಯದ ಲೆಕ್ಕದಲ್ಲಿ ವೃಶ್ಚಿಕ ರಾಶಿ. ಚೇಳು ಬಂದದ್ದು ಅಲ್ಲಿಂದಲೇ. ಮೊದಲು ಅವರು ಕಾರಿನವರಲ್ಲ, ಮೋಟಾರ್ ಸೈಕಲ್ ಪಂದ್ಯಗಳ ಸವಾರ. ಅಪಘಾತವೊಂದರ ನಂತರ ಸೈಡ್‌ಕಾರ್ ಪಂದ್ಯಗಳಿಗೆ ತಿರುಗಿದರು. 1934ರಲ್ಲಿ ವಿಯೆನ್ನಾದಿಂದ ಬೆಲ್ಜಿಯಂನ ಒಸ್ಟೆಂಡ್‌ವರೆಗೆ ಹೆಸರಾಂತ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲಿನೊಂದಿಗೆ ಪಂದ್ಯ ಕಟ್ಟಿ, ರೈಲಿಗಿಂತ ಮೊದಲೇ ಗುರಿ ಮುಟ್ಟಿದರು. ಯುಗೊಸ್ಲಾವಿಯಾದಲ್ಲಿ ಸಂಭವಿಸಿದ ಮತ್ತೊಂದು ಭೀಕರ ಅಪಘಾತ ಆ ಬದುಕಿಗೆ ತೆರೆ ಎಳೆಯಿತು. ಮಹಾಯುದ್ಧದ ನಂತರ ಅವರು ಇಟಲಿಗೆ ಬಂದು ನೆಲೆಸಿದರು. ಕಾರ್ಲ್ ಎಂಬ ಹೆಸರು ಕಾರ್ಲೋ ಆಯಿತು.

ಇಟಲಿಯಲ್ಲಿ ಅವರು ಸೇರಿದ್ದು ಚಿಸಿಟಾಲಿಯಾ ಎಂಬ ಪಂದ್ಯದ ಕಾರುಗಳ ಸಂಸ್ಥೆಯನ್ನು. ಅದು ಸಾಲದ ಹೊರೆಗೆ ಕುಸಿದಾಗ, 1949ರಲ್ಲಿ ತಮ್ಮದೇ ಸಂಸ್ಥೆಯನ್ನು ಆರಂಭಿಸಿದರು. ಮರುವರ್ಷದ ಏಪ್ರಿಲ್ 10ರಂದು, ಇಟಲಿಯ ಜನ ಪೂಜಿಸುತ್ತಿದ್ದ ಚಾಲಕ ತಾಜಿಯೊ ನುವೊಲಾರಿ ತಮ್ಮ ಬಾಳಿನ ಕೊನೆಯ ಪಂದ್ಯವನ್ನು ಓಡಿದ್ದು ಅಬಾರ್ಥ್ ಕಾರಿನಲ್ಲಿ. ತಮ್ಮ ವರ್ಗದಲ್ಲಿ ಗೆದ್ದರು ಕೂಡ. ಆದರೆ ಕೀರ್ತಿಯಿಂದ ಕಾರ್ಖಾನೆ ನಡೆಯುವುದಿಲ್ಲ. ಸಂಸ್ಥೆಯ ಹೊಟ್ಟೆ ತುಂಬಿಸಿದ್ದು ಸೈಲೆನ್ಸರ್.

ಇಂಜಿನ್ ಎಂಬುದು ಉಸಿರಾಡುವ ಯಂತ್ರ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಂಡು, ಉರಿಸಿ, ಹೊಗೆಯನ್ನು ಹೊರದೂಡುತ್ತದೆ. ಸಾಮಾನ್ಯ ಸೈಲೆನ್ಸರಿನೊಳಗೆ ಹೊಗೆ ಗೋಡೆಯಿಂದ ಗೋಡೆಗೆ ತಿರುಗಿ ಸದ್ದು ಕಳೆದುಕೊಳ್ಳುತ್ತದೆ. ಆ ಸುತ್ತಾಟದಲ್ಲಿ ಇಂಜಿನ್ನಿನ ಬಲವೂ ಒಂದಿಷ್ಟು ಸೋರುತ್ತದೆ. ತೂತುಗಳಿರುವ ನೇರ ಕೊಳವೆಯ ಸುತ್ತ ಗಾಜಿನ ನಾರು ತುಂಬಿದರೆ ಹೊಗೆಗೆ ದಾರಿ ಸಲೀಸಾಗುತ್ತದೆ, ಸದ್ದನ್ನು ನಾರು ಹೀರುತ್ತದೆ. ಕಪ್ಪು ಬಣ್ಣದ, ತುದಿಯಲ್ಲಿ ಕ್ರೋಮ್ ಹೊಳೆಯುವ ಅಬಾರ್ಥ್ ಸೈಲೆನ್ಸರ್ ಸಾಧಾರಣ ಕಾರಿನ ಒಡೆಯನ ಕೈಗೂ ಎಟುಕುವ ಬೆಲೆಯದಾಗಿತ್ತು. ನಮ್ಮಲ್ಲಿ ಮುಂದೆ ಪ್ರೀಮಿಯರ್ ಪದ್ಮಿನಿಯಾದ ಫಿಯೆಟ್ 1100ಕ್ಕೂ ಅದು ಸಿಗುತ್ತಿತ್ತು. 1962ರ ಒಂದೇ ವರ್ಷದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸೈಲೆನ್ಸರುಗಳು ತಯಾರಾದವು.

ಅವರ ನಿಜವಾದ ಜಾಣ್ಮೆ ಕಂಡದ್ದು ಮರದ ಪೆಟ್ಟಿಗೆಯಲ್ಲಿ. 1955ರಲ್ಲಿ ಫಿಯೆಟ್ 600 ಬಂತು. 633 ಸಿಸಿ, ಇಪ್ಪತ್ತು ಚಿಲ್ಲರೆ ಅಶ್ವಶಕ್ತಿ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನವರು ಕೇಳಿದರೆ ನಕ್ಕಾರು! ಅಬಾರ್ಥ್ ಅದನ್ನು 747 ಸಿಸಿಗೆ ಹಿಗ್ಗಿಸಿ, ಅಶ್ವಶಕ್ತಿಯನ್ನು ನಲವತ್ತರ ಆಚೆ ದಾಟಿಸಿದರು. ಆ ಬದಲಾವಣೆಗೆ ಬೇಕಾದ ಕ್ರ್ಯಾಂಕ್‌ಶಾಫ್ಟ್, ಪಿಸ್ಟನ್, ಕ್ಯಾಮ್‌ಶಾಫ್ಟ್, ದೊಡ್ಡ ಕಾರ್ಬುರೇಟರ್, ಸೈಲೆನ್ಸರ್ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಮಾರಿದರು. ತನ್ನೂರಿನ ಗ್ಯಾರೇಜಿನಲ್ಲೇ ಅದನ್ನು ಜೋಡಿಸಿಕೊಳ್ಳಬಹುದಿತ್ತು. ಒಂದಕ್ಕೊಂದು ಅಳತೆಯಾಗಿದ್ದ ಭಾಗಗಳವು. ಒಳಬರುವ ಗಾಳಿಗೆ ತಕ್ಕ ಪೆಟ್ರೋಲ್, ಅದಕ್ಕೆ ತಕ್ಕ ಹೊರದಾರಿ. ಅವರ ಹೆಸರು ಹೇಳಿಕೊಂಡು ಸೈಲೆನ್ಸರನ್ನಷ್ಟೇ ಕಿತ್ತೆಸೆಯುವವರು ಮರೆಯುವುದು ಇದನ್ನೇ. ಹಾಗೆ ಮಾಡಿದ ಪುಟ್ಟ ಇಂಜಿನ್ ಕೆಳವೇಗದಲ್ಲಿ ಎಳೆತ ಕಳೆದುಕೊಳ್ಳುವುದೇ ಹೆಚ್ಚು. ಸಿಕ್ಕುವ ಲಾಭ ಸದ್ದೊಂದೇ.

1957ರಲ್ಲಿ ಇನ್ನೂ ಚಿಕ್ಕದಾದ ಫಿಯೆಟ್ 500 ಬಂದಾಗ ಜನ ಅದನ್ನು ಅಷ್ಟಾಗಿ ಮೂಸಿ ನೋಡಲಿಲ್ಲ. ಎರಡು ಸಿಲಿಂಡರ್, 479 ಸಿಸಿ, 13 ಅಶ್ವಶಕ್ತಿ. ಅಬಾರ್ಥ್ ಅದನ್ನು ತಿದ್ದಿ, 1958ರ ಫೆಬ್ರವರಿಯಲ್ಲಿ ಮೊಂಜಾದ ಪಂದ್ಯದ ಹಾದಿಗೆ ಇಳಿಸಿದರು. ಹಗಲಿರುಳು ಏಳು ದಿನ, 168 ಗಂಟೆ, ಸರಾಸರಿ 108 ಕಿ.ಮೀ. ವೇಗ. ಒಟ್ಟು ಓಡಿದ ದೂರ 18 ಸಾವಿರ ಕಿ.ಮೀ. ಮೀರಿತು. ತುಮಕೂರಿನಿಂದ ಗುಬ್ಬಿಗೆ 20 ಕಿ.ಮೀ. ಎಂದಿಟ್ಟುಕೊಂಡರೆ, ನಿತ್ಯ ಹೋಗಿಬರುವವನೊಬ್ಬ ಒಂದೂಕಾಲು ವರ್ಷದಲ್ಲಿ ಸವೆಸುವ ದಾರಿಯನ್ನು ಆ ಕಾರು ಒಂದು ವಾರದಲ್ಲಿ ಮುಗಿಸಿತ್ತು. ಬಲ ಹೆಚ್ಚಿಸಿದರೆ ಇಂಜಿನ್ನಿನ ಆಯುಷ್ಯ ಮುಗಿಯಿತು ಎನ್ನುತ್ತಿದ್ದವರಿಗೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ. ಫಿಯೆಟ್ ಸಂಸ್ಥೆ ಅಬಾರ್ಥ್ ಅವರ ಗೆಲುವುಗಳಿಗೆ ಹಣ ನೀಡತೊಡಗಿತು. 1963ರ ಅಬಾರ್ಥ್ 595 ಅದೇ ಪುಟ್ಟ ಕಾರನ್ನು 27 ಅಶ್ವಶಕ್ತಿಗೆ, ಗಂಟೆಗೆ 120 ಕಿ.ಮೀ. ವೇಗಕ್ಕೆ ಏರಿಸಿತು.

ಸ್ವಭಾವತಃ ಹಟಮಾರಿ. 1965ರಲ್ಲಿ, 57ರ ಹೊಸ್ತಿಲಲ್ಲಿ, ಒಂದೇ ಆಸನದ ಇಕ್ಕಟ್ಟಾದ ದಾಖಲೆಯ ಕಾರಿನೊಳಗೆ ತೂರಲು 30 ಕಿಲೋ ತೂಕ ಇಳಿಸಿಕೊಂಡು, ತಾವೇ ಚಕ್ರ ಹಿಡಿದು ಮೊಂಜಾದಲ್ಲಿ ದಾಖಲೆ ಮುರಿದರು. ಕಾರಿನ ತೂಕ ಇಳಿಸುವವರನ್ನು ಕಾಣಬಹುದು, ಕಾರಿಗಾಗಿ ತಮ್ಮ ತೂಕ ಇಳಿಸಿಕೊಂಡವರು ವಿರಳ.

ಪಂದ್ಯಗಳ ಖರ್ಚು ಏರುತ್ತ ಹೋಗಿ 1971ರಲ್ಲಿ ಸಂಸ್ಥೆಯನ್ನು ಫಿಯೆಟ್‌ಗೆ ಮಾರಬೇಕಾಯಿತು. ಅವರು ವಿಯೆನ್ನಾಗೆ ಮರಳಿ, 1979ರ ಅಕ್ಟೋಬರ್ 24ರಂದು ತೀರಿಕೊಂಡರು. ಅಂದಿಗೂ ಸೂರ್ಯ ವೃಶ್ಚಿಕದಲ್ಲೇ ಇದ್ದ.

ಅವರ ಹೆಸರು ಹೊತ್ತ ಪುಂಟೊ ಕಾರು 2015ರಲ್ಲಿ ಭಾರತಕ್ಕೂ ಬಂದು, ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಮನೆಯಲ್ಲಿ ಕೈಯಾಡಿಸುವ ಹವ್ಯಾಸಿಗಳಿಗೆ ಅವರ ಕಾಲದ ಸ್ವಾತಂತ್ರ್ಯ ಈಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಹತ್ತು ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಇತ್ತ ಇಟಲಿಯಲ್ಲಿ, 2008ರಲ್ಲಿ ಹೊಸ ಫಿಯೆಟ್ 500ರ ಅಬಾರ್ಥ್ ರೂಪ ಬಂದಾಗ, ಬಲವರ್ಧನೆಯ ಭಾಗಗಳನ್ನು ಮತ್ತೆ ಮರದ ಪೆಟ್ಟಿಗೆಯಲ್ಲೇ ಇಟ್ಟು ಮಾರಲಾಯಿತು.